ಮೂರನೇ ಕೂಗು

ದೆವ್ವ, ಗಾಳಿ ಎಂದು ಯಾರಾದರೂ ಬಾಯಿಬಿಟ್ಟರೆ ನಾನು ನಗುತ್ತಿದ್ದೆ. ಶಹಾಪುರದ ನೇಕಾರರ ಓಣಿಯಲ್ಲಿ ಬೆಳೆದು, ಖಾನಾಪುರದ ಕಾಡಿನೊಳಗಿನ ಶಾಲೆಗೆ ಮಾಸ್ತರನಾಗಿ ಹೋದ ನನಗೆ ಅದೊಂದು ಜಂಬವೂ ಆಗಿತ್ತು. ನೀವು ನಂಬಲೇಬೇಕೆಂದು ಈಗಲೂ ಹಟ ಹಿಡಿಯುವುದಿಲ್ಲ. ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ನಾನು ಬಾಡಿಗೆಗಿದ್ದ ಮನೆಯ ಮಾಲಕ ಸಿದ್ದಪ್ಪ, ಕುರಿ ಕಾಯುವವರ ಮಗ. ಎಪ್ಪತ್ತೊಂದರ ಯುದ್ಧ ಮುಗಿಸಿ ಬಂದ ಸಿಪಾಯಿ. ಅವರ ಹಟ್ಟಿಯಲ್ಲಿ ಒಂದು ರೂಢಿಯಿತ್ತು. ಮಬ್ಬುಗತ್ತಲಲ್ಲಿ ಯಾರೇ ಕರೆದರೂ ಮೂರನೇ ಕೂಗಿಗೇ ಓಗೊಡಬೇಕು. ದೆವ್ವ ಎರಡೇ ಸಲ ಕೂಗುತ್ತದಂತೆ. ಸಿದ್ದಪ್ಪನ ಜೊತೆ ಕುರಿ ಕಾಯ್ದು, ಜೊತೆಗೇ ಬೆಳಗಾವಿಯಲ್ಲಿ ಸೈನ್ಯಕ್ಕೆ ಭರ್ತಿಯಾದ ಗೆಳೆಯ ಬೀರಪ್ಪ, ಗಡಿಯಲ್ಲಿ ಒಂದು ಮುಸ್ಸಂಜೆ ದಾರಿ ತಪ್ಪಿ ಇವನ ಪಹರೆಯ ಕಡೆ ಬಂದ. ಯಾರೆಂದು ಇವನು ಎರಡು ಸಲ ಕೂಗಿದ. ಗಾಬರಿಯಲ್ಲಿ, ಕೂಗಿದೊಡನೆ ಹೆಸರು ಹೇಳಬೇಕೆಂಬ ಪಲ್ಟಣದ ಪಾಠ ಮರೆತು ಹಟ್ಟಿಯ ರೂಢಿಯೇ ಮೇಲೆ ಬಂತೋ ಏನೋ, ಬೀರಪ್ಪ ಉಸಿರೆತ್ತದೆ ನಿಂತ. ಸಿದ್ದಪ್ಪ ಗುಂಡು ಹಾರಿಸಿದ.

ಇಷ್ಟನ್ನೂ ನನಗೆ ಹೇಳಿದವರು ಊರವರು. ಸಿದ್ದಪ್ಪ ಹೇಳಿದ್ದು ಒಂದೇ ಮಾತು: “ಮೂರನೇದು ಕೂಗಲಿಲ್ರಿ ನಾ.”

ಊರಿಗೆ ಮರಳಿದಂದಿನಿಂದ ದಿನಾ ನಸುಕಿನಲ್ಲಿ ಹಳ್ಳದ ದಂಡೆಗೆ ನಿಂತು, ಕಾಡಿನತ್ತ ಮುಖಮಾಡಿ, ಬೀರಪ್ಪನ ಹೆಸರು ಹಿಡಿದು ಮೂರು ಸಲ ಕೂಗುತ್ತಿದ್ದ. ಪಾಪ, ತಲೆ ಕೆಟ್ಟಿದೆ ಎಂದು ಎಲ್ಲರಂತೆ ನಾನೂ ಅಂದುಕೊಂಡಿದ್ದೆ.

ಒಂದು ಚಳಿಗಾಲದ ಬೆಳಿಗ್ಗೆ, ಲೋಂಡಾದಲ್ಲಿ ರೈಲು ಹಿಡಿಯಲು ಹೊರಟ ನನಗೆ ಅವನು ಜೊತೆಯಾದ. ಮಾರು ದೂರ ಕಾಣದಷ್ಟು ಮಂಜು. ಹಳ್ಳದ ಹತ್ತಿರ ನಿಂತು, ಎಂದಿನಂತೆ ಕೂಗಿದ. ಮೂರನೆಯ ಕೂಗು ಮುಗಿದದ್ದೇ ಆಚೆ ದಂಡೆಯಿಂದ ‘ಓ’ ಎಂದು ದನಿ ಬಂತು. ಹರೆಯದ ಗಂಡಸಿನ ದನಿ, ತೀರ ಸಮೀಪದಲ್ಲಿ.

ಸಿದ್ದಪ್ಪ ನನ್ನ ರಟ್ಟೆ ಹಿಡಿದ.

“ಮಾಸ್ತರ್ರ, ನಿಮಗೂ ಕೇಳಿಸ್ತೇನ್ರಿ?”

ಇಲ್ಲ ಎಂದೆ. ಹೆದರಿಕೆಯೋ, ಜಂಬವೋ, ಬಾಯಿಗೆ ಬಂದದ್ದು ಅದೇ.

“ಹಂಗಾರ ನನ್ನ ತಲೀನ ಕೆಟ್ಟೈತಿ ಬಿಡ್ರಿ,” ಎಂದು ನನ್ನ ಚೀಲ ಹೆಗಲಿಗೇರಿಸಿಕೊಂಡು ಮುಂದೆ ನಡೆದ.

ಮರುದಿನದಿಂದ ಅವನು ಹಳ್ಳಕ್ಕೆ ಹೋಗಲಿಲ್ಲ. ಊಟ ಬಿಟ್ಟ, ಮಂದಿಯನ್ನು ಬಿಟ್ಟ. ಎರಡು ವರ್ಷಕ್ಕೆ ತೀರಿಕೊಂಡ. ನಾನು ಹಳ್ಳ ದಾಟಿ ಹೋಗಿ ನೋಡಿದ್ದೇನೆ. ಅಲ್ಲಿ ಕಾಲುದಾರಿಯೂ ಇಲ್ಲ, ದನ ಮೇಯಿಸುವವರೂ ಹೋಗುವುದಿಲ್ಲ. ದನಿ ಯಾರದೆಂದು ಇವತ್ತಿಗೂ ನನಗೆ ಬಗೆಹರಿದಿಲ್ಲ. ಯಾರದಾದರೂ ಆಗಿರಲಿ, ಸಿದ್ದಪ್ಪ ಅಷ್ಟು ವರ್ಷ ಕಾದದ್ದು ಅದೊಂದು ‘ಓ’ಗೆ. ನಾನು ಅದನ್ನು ಕೇಳಿದ್ದೆ.