ಕೆಂಪು ಮೇಲಾದ ಬಾವುಟ

ಕಳೆದ ವಾರ ರವಿಕೆ ಬಟ್ಟೆಗೆಂದು ದುರ್ಗದಬೈಲಿಗೆ ಹೋಗಿದ್ದೆ. ಅಂಗಡಿಯವರು ಹೊಸ ಖಾದಿ ಥಾನು ಬಿಚ್ಚಿದರು. ಗಂಜಿಯ ಹಸಿ ವಾಸನೆ ಮೂಗಿಗೆ ಬಡಿಯಿತು. ಯಾವ ಬಣ್ಣ ಬೇಕೆಂದು ಅವರು ಕೇಳುತ್ತಿದ್ದರೆ ನಾನು ಬಟ್ಟೆಯ ಅಂಚನ್ನು ಮೂಗಿಗೆ ಹಿಡಿದಿದ್ದೆ. ಚಿಗವ್ವನ ಸೆರಗಿಗೂ ಇದೇ ವಾಸನೆಯಿತ್ತು...

ಹೆಸರಿಗೆ ಚಿಕ್ಕಮ್ಮ, ರಕ್ತಸಂಬಂಧವೇನೂ ಅಲ್ಲ. ಗೋಡೆಗೆ ಗೋಡೆ ಹತ್ತಿದ ಮನೆ. ಓಣಿಯೆಲ್ಲ ಚಿಗವ್ವ ಎನ್ನುತ್ತಿತ್ತು, ನಾನೂ ಎಂದೆ. ಶಾಲೆಯಲ್ಲಿ ಕಲಿಸುವವಳಾದ್ದರಿಂದ ನಾನು ಅವಳಿಗೆ ‘ಅಕ್ಕೋರು’. ವಯಸ್ಸಿನಲ್ಲಿ ಮಗಳಷ್ಟಿದ್ದರೂ ಬರ್ರಿ, ಕುಂಡ್ರರಿ ಎಂದೇ ಮಾತನಾಡಿಸುವಳು. ಖಾದಿ ಕೇಂದ್ರವೊಂದರಲ್ಲಿ ವರ್ಷಾನುಗಟ್ಟಲೆ ರಾಷ್ಟ್ರಧ್ವಜ ಹೊಲಿದವಳು. ಅಲ್ಲಿ ಒಂದು ಹೊಲಿಗೆ ಡೊಂಕಾದರೂ ಧ್ವಜ ವಾಪಸು. ‘ನಂದು ಒಂದೂ ತಿರುಗಿ ಬಂದಿಲ್ರಿ’ ಎಂಬುದು ಅವಳ ಜಂಬ. ಆ ಜಂಬ ನನಗೆ ಬಹಳ ಇಷ್ಟವಾಗುತ್ತಿತ್ತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದ ಮೇಲೆ ಕೆಲಸ ಬಿಡಬೇಕಾಯಿತು. ಸತ್ತೂರಿನ ದವಾಖಾನೆಗೆ ಎಷ್ಟೋ ಸಲ ಹೋಗಿಬಂದಳು. ಕೊನೆಗೆ ಮನೆಯ ಮಷೀನಿಗೂ ಹಳೆಯ ಚಾದರ ಹೊದಿಸಿಬಿಟ್ಟಳು.

ಆ ವರ್ಷ ತಾರಿಹಾಳದ ನಮ್ಮ ಶಾಲೆಯಲ್ಲಿ ರಾಜ್ಯೋತ್ಸವದ ಹೊಣೆ ನನ್ನ ಮೇಲೆ ಬಿತ್ತು. ಕನ್ನಡ ಬಾವುಟ ಹಳತಾಗಿ, ಕೆಂಪು ಬಣ್ಣ ಹಳದಿಗೆ ಇಳಿದಿತ್ತು. ಹೊಸದು ಬಜಾರಿನಲ್ಲಿ ಸಿಗುತ್ತಿರಲಿಲ್ಲವೆಂದಲ್ಲ. ಅವಳಿಗೂ ಒಂದು ಕೆಲಸ ಕೊಟ್ಟಂತಾಗಲಿ ಎಂದು, ಖರೆ ಹೇಳಬೇಕೆಂದರೆ ಕನಿಕರದಿಂದ, ಹೊಲಿದುಕೊಡಲು ಕೇಳಿದೆ. ಅವಳು ಆ ಕೂಡಲೇ ಚಾದರ ಸರಿಸಿ ಮಷೀನಿಗೆ ಎಣ್ಣೆ ಬಿಟ್ಟಳು.

ಹಬ್ಬದ ಮುನ್ನಾದಿನ ಸಂಜೆ ಬಾವುಟ ನನ್ನ ಕೈಗಿಟ್ಟಳು. ಹೊಲಿಗೆ ಗೆರೆ ಎಳೆದ ಹಾಗಿತ್ತು. ಬದಿಯ ಬಿಳಿ ಪಟ್ಟಿಯೊಳಗೆ ಹಗ್ಗ ಹಾಯಿಸಿ ಭದ್ರವಾಗಿ ಹೊಲಿದಿದ್ದಳು. ಹಗ್ಗದ ಮೇಲ್ತುದಿಗೆ, ಕಂಬದ ಹಗ್ಗದ ಕುಣಿಕೆಗೆ ಸಿಕ್ಕಿಸಲು, ಸಣ್ಣ ಕಟ್ಟಿಗೆಯ ತುಂಡು. ಆದರೆ ಆ ತುಂಡಿದ್ದ ಕಡೆ ಕೆಂಪು ಬಣ್ಣವಿತ್ತು. ಹಾಗೇ ಏರಿಸಿದರೆ ಕೆಂಪು ಮೇಲೆ, ಹಳದಿ ಕೆಳಗೆ! ಅಷ್ಟು ವರ್ಷ ಕೇಸರಿಯನ್ನು ಮೇಲಿಟ್ಟ ಕೈ, ಮಂಜುಗಣ್ಣಿಗೆ ಕೇಸರಿಯಂತೆ ಕಂಡ ಕೆಂಪನ್ನೂ ಮೇಲಿಟ್ಟುಬಿಟ್ಟಿತ್ತು.

ನಾನು ಹೇಳಲಿಲ್ಲ. ‘ಭಾಳ ಛಲೋ ಆಗೇತಿ ಚಿಗವ್ವಾ’ ಎಂದೆ. ಮರುದಿನ ಎಲ್ಲರಿಗಿಂತ ಮೊದಲು ಶಾಲೆಗೆ ಹೋಗಿ, ಬಾವುಟವನ್ನು ತಿರುವಿ, ಹಳದಿಯ ಕಡೆಗಿದ್ದ ತುದಿಯನ್ನು ಹೇಗೋ ಕಂಬದ ಹಗ್ಗಕ್ಕೆ ಗಂಟು ಹಾಕಿದೆ.

ಅವಳು ಬರುತ್ತಾಳೆಂದು ಎಣಿಸಿರಲಿಲ್ಲ. ಇಳಕಲ್ ಸೀರೆ ಉಟ್ಟು ಟಂಟಂ ಆಟೋದಿಂದ ಇಳಿದಳು. ಮಕ್ಕಳು ಸಾಲಾಗಿ ನಿಂತಿದ್ದರು. ನೆಟ್ಟಗೆ ಕಂಬದ ಹತ್ತಿರ ಹೋಗಿ, ಇನ್ನೂ ಏರಿಸದೆ ಕೆಳಗೇ ಇದ್ದ ಬಾವುಟದ ಮೇಲೆ ಕೈಯಾಡಿಸಿದಳು. ಬೆರಳು ನನ್ನ ಗಂಟಿಗೆ ಬಂದು ನಿಂತಿತು.

‘ಕಟ್ಟಿಗಿ ತುಂಡು ಕೆಳಗ್ಯಾಕ ಬಂತರಿ ಅಕ್ಕೋರ?’

ಹೇಳಲೇಬೇಕಾಯಿತು. ಅವಳ ಮುಖ ಬಿಗಿಯಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನನ್ನು ಏಕವಚನದಲ್ಲಿ ಮಾತನಾಡಿಸಿದಳು.

‘ನಿನ್ನೇನ ಗೊತ್ತಿತ್ತು ನಿನಗ. ನನ್ನ ಕಣ್ಣು ಹೋಗ್ಯಾವ, ಕೆಲಸ ಹೋಗಿಲ್ಲ. ತಪ್ಪಿದ್ರ ತಿರುಗಿ ಕೊಡಬೇಕಾಗಿತ್ತು. ಬಿಚ್ಚು ಅದನ್ನ.’

ಹೆಡ್‌ಮಾಸ್ತರರು ಗಡಿಯಾರ ನೋಡಿದರು, ಅತಿಥಿಗಳು ಕುರ್ಚಿಯಲ್ಲಿ ಮಿಸುಕಾಡಿದರು. ಅವಳು ಯಾರಿಗೂ ಜಗ್ಗಲಿಲ್ಲ. ಮೆಟ್ಟಿಲ ಮೇಲೆ ಕೂತು ಪಟ್ಟಿ ಬಿಚ್ಚಿ, ಹಗ್ಗ ತಿರುಗಿಸಿ, ಕೈಹೊಲಿಗೆ ಹಾಕತೊಡಗಿದಳು. ಸೂಜಿಗೆ ದಾರ ಪೋಣಿಸಿ ಕೊಡುವುದಷ್ಟೇ ನನ್ನ ಕೆಲಸ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅರ್ಧ ತಾಸು ತಡವಾಗಿ ಬಾವುಟ ಏರಿತು.

ಅವಳು ಕತ್ತು ಎತ್ತಿ ನೋಡಿದಳು, ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ಮ್ಯಾಲ ಯಾವ ಬಣ್ಣ ಐತಿ?’

‘ಹಳದಿ.’

‘ಖರೇನಽ?’

‘ಖರೇನ ಚಿಗವ್ವಾ.’

ಹಿಂದಿನ ಸಂಜೆ ಸುಳ್ಳು ಹೇಳಿದವಳ ಮಾತನ್ನೇ ಅವಳು ನಂಬಬೇಕಿತ್ತು. ನಂಬಿದಳು. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅವಳು ತೀರಿಕೊಂಡು ಆರು ವರ್ಷವಾಯಿತು. ಈಗ ಶಾಲೆಯ ಬಾವುಟ ನಾನೇ ಹೊಲಿಯುತ್ತೇನೆ. ಈ ಸಲ ಎರಡು ಬಣ್ಣ ಕೂಡುವಲ್ಲಿ ಹೊಲಿಗೆ ಬೆರಳಗಲ ಸರಿದಿತ್ತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಮೆಚ್ಚಿದರು. ಯಾರಾದರೂ ಬಯ್ಯಲಿ ಎಂದು ಸುಮ್ಮನೆ ಕಾದೆ... ಬಯ್ಯುವವರು ಇರಲಿಲ್ಲ. ಕತ್ತರಿ ತೆಗೆದುಕೊಂಡು ಅಲ್ಲೇ ಬಿಚ್ಚಲು ಕೂತೆ.