ಮಾಮಾನ ಪಟಕಾ, ನಾನು ತಂದ ಹೆಲ್ಮೆಟ್

ನನ್ನ ಸೋದರಮಾವನ ಹಣೆಗೆ ಎರಡು ಬಣ್ಣ. ತಲೆಗೆ ಸುತ್ತಿದ ಪಟಕಾ ಕೂರುವ ಗೆರೆಯ ಮೇಲೆ ಗೋಧಿ ಹಿಟ್ಟಿನ ಬಿಳುಪು, ಕೆಳಗೆ ನಾಗಣಸೂರಿನ ಬಿಸಿಲಿಗೆ ಸುಟ್ಟ ಕಪ್ಪು. ಆ ಬಿಳುಪನ್ನು ಮನೆಯವರು ಬಿಟ್ಟರೆ ಬೇರೆ ಯಾರೂ ನೋಡಿರಲಿಲ್ಲ. ನಮ್ಮ ಕಡೆ ಹಳೆಯ ಮಂದಿ ನಾಲ್ಕು ಜನರೆದುರು ಪಟಕಾ ತೆಗೆಯುವುದು ಮನೆಯಲ್ಲಿ ಸಾವಾದಾಗ ಮಾತ್ರ. ಮಾಮಾ ಸ್ನಾನಕ್ಕೆ ಹೋದಾಗಲೂ ಬಚ್ಚಲ ಬಾಗಿಲು ಹಾಕಿಕೊಂಡ ಮೇಲೆಯೇ ಅದನ್ನು ತೆಗೆಯುತ್ತಿದ್ದ.

ಅವನಷ್ಟು ಡೌಲಿನ ಮನುಷ್ಯನನ್ನು ನಾನು ಇನ್ನೂ ನೋಡಬೇಕಾಗಿದೆ. ಮನೆಯಲ್ಲಿ ಜೀಪಿತ್ತು. ಆದರೂ ಅಕ್ಕಲಕೋಟೆಗೆ ಬಿಳಿ ಹೆಣ್ಣುಕುದುರೆಯ ಮೇಲೆಯೇ ಹೋಗಬೇಕು. ಅಲ್ಲಿ ಅಂಥ ಘನಂದಾರಿ ಕೆಲಸವೇನು? ಚಹಾ ಕುಡಿಯುವುದು. ಹೋಟೆಲಿನ ಮುಂದೆ ಕುದುರೆ ನಿಲ್ಲಿಸಿದರೆ ಯಾರಾದರೂ ಮೊಬೈಲ್ ತೆಗೆದು ಫೋಟೋ ಹೊಡೆಯುವವರೆಗೆ ಇಳಿಯುತ್ತಿರಲಿಲ್ಲ. ಯಾರೂ ಹೊಡೆಯದಿದ್ದರೆ ಸುಮ್ಮಸುಮ್ಮನೆ ಕುದುರೆಯನ್ನು ಒಂದು ಸುತ್ತು ತಿರುಗಿಸುತ್ತಿದ್ದ. ಮೋಟರ್‌ಸೈಕಲ್ಲಿನವರು ಹೆಲ್ಮೆಟ್ ಹಾಕಿಕೊಂಡು ಬಂದರೆ, “ಕೊಡಾ ಹೊತ್ಕೊಂಡು ನೀರಿಗಿ ಹೊಂಟಾನ ನೋಡ್ರಿ” ಎಂದು ಕಟ್ಟೆಯವರನ್ನೆಲ್ಲ ನಗಿಸುತ್ತಿದ್ದ.

ಸೊಲ್ಲಾಪುರದ ಬಟ್ಟೆ ಅಂಗಡಿಯವರ ಮಗಳಾದ ನನ್ನನ್ನು ಕುದುರೆ ಹತ್ತಿಸಿದವನೂ ಅವನೇ. ಅಪ್ಪ ಬೈದರು, ಅಜ್ಜಿ ಅತ್ತಳು. ಮಾಮಾ ಮಾತ್ರ, “ನಡಾ ಸೆಟದು ಕೂಡು, ಯವ್ವಾ. ಕುದರಿಗಿ ಹೆಣ್ಣು, ಗಂಡು ತಿಳ್ಯಂಗಿಲ್ಲ” ಎಂದ. ಅವನ ಬಾಯಿಂದ ಬಂದ ಶಾಣ್ಯಾತನದ ಮಾತು ನನಗೆ ನೆನಪಿರುವುದು ಅದೊಂದೇ.

ಕೆಲವು ವರ್ಷಗಳ ಹಿಂದೆ ಚಪಳಗಾಂವದ ಹತ್ತಿರ ಕುದುರೆಯಿಂದ ಬಿದ್ದ. ಪಟಕಾ ಅರಿವೆ, ಅದು ಏನು ತಡೆದೀತು? ಸೊಲ್ಲಾಪುರದ ಡಾಕ್ಟರರು ಸ್ಕ್ಯಾನ್ ನೋಡಿ, ಇನ್ನೊಮ್ಮೆ ತಲೆಗೆ ಪೆಟ್ಟಾದರೆ ಉಳಿಯುವುದು ಕಷ್ಟ, ಕುದುರೆ ಬಿಡಿ ಎಂದರು. ಬಿಡುವ ಪೈಕಿಯೇ? ನಾನು ಪುಣೆಯಿಂದ ಕುದುರೆ ಸವಾರರ ಹೆಲ್ಮೆಟ್ ತರಿಸಿ ಅವನ ಮುಂದಿಟ್ಟೆ.

“ಇದನ್ನ ಹಾಕ್ಕೋಬೇಕಂದ್ರ ಪಟಕಾ ತೆಗೀಬೇಕಲ್ಲ. ನಾಳಿ ಊರ ಮಂದಿ ಮನಿಗಿ ಬರ್ತಾರ, ಯಾರ್ ಸತ್ತಾರಂತ ಕೇಳಾಕ” ಎಂದ.

“ಹಾಕ್ಕೊಳ್ಳಲಿಲ್ಲಂದ್ರ ಖರೇನ ಬರ್ತಾರ, ಮಾಮಾ” ಎಂದೆ. ಅವನು ನಕ್ಕ. ಕೊನೆಗೆ ಅವನ ಹೆಂಡತಿ, ನನ್ನ ಅತ್ತೆ, ಊಟ ಬಿಟ್ಟು ಕೂತಳು. ಆಗ ಒಪ್ಪಿಕೊಂಡ.

ಒಪ್ಪಿಕೊಂಡ ಚಂದವನ್ನು ಏನು ಹೇಳಲಿ! ಕೋಣೆಯೊಳಗೆ ಬಾಗಿಲು ಹಾಕಿ ಹೆಲ್ಮೆಟ್ ಹಾಕಿಕೊಂಡು, ಅದರ ಮೇಲೆ ಪಟಕಾ ಸುತ್ತಿಕೊಂಡು ಹೊರಬಂದ. ತಲೆ ಕುಂಬಳಕಾಯಿಯಾಗಿತ್ತು. ಪಟಕಾ ದೊಡ್ಡದಾದರೆ ನಮ್ಮ ಕಡೆ ಮಾನವೂ ದೊಡ್ಡದು, ಹಾಗಾಗಿ ಊರಲ್ಲಿ ಯಾರೂ ಏನೂ ಕೇಳಲಿಲ್ಲ. ನಾನು ಸೊಲ್ಲಾಪುರದಿಂದ ಫೋನ್ ಮಾಡಿದಾಗಲೆಲ್ಲ, “ಹಾಕ್ಕೊಂಡೀನಿ ತಗೋ, ನಿನ್ನಾಣಿ” ಎನ್ನುತ್ತಿದ್ದ. ಅತ್ತೆ ನೆಮ್ಮದಿಯಿಂದ ಉಂಡಳು.

ಕಳೆದ ಸುಗ್ಗಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಹಿಂದಿನಿಂದ ಹಾರ್ನ್ ಹೊಡೆಯಿತು. ಕುದುರೆ ಬೆದರಿ ಮುಂಗಾಲೆತ್ತಿತು. ಪಟಕಾ ಹೆಲ್ಮೆಟ್ಟಿನ ಸಮೇತ ಹಾರಿ ಪಕ್ಕದ ತೊಗರಿ ಹೊಲದಲ್ಲಿ ಬಿತ್ತು. ಮಾಮಾ ಡಾಂಬರಿನ ಮೇಲೆ ಬಿದ್ದ. ಸೊಲ್ಲಾಪುರ ಮುಟ್ಟುವ ಮೊದಲೇ ಹೋದ.

ಮಣ್ಣಿಗೆ ಬಂದವರ ಕಣ್ಣೆಲ್ಲ ಪಡಸಾಲೆಯಲ್ಲಿಟ್ಟಿದ್ದ ಆ ಪಟಕಾದ ಮೇಲೆ. “ಗೌಡ್ರು ಬಿದ್ರೂ ಪಟಕಾದ ಒಂದ್ ಸುತ್ತು ಸಡ್ಲ ಆಗಿಲ್ಲ ನೋಡ್ರಿ” ಎಂದು ಕೈಮುಗಿದರು. ಅದನ್ನು ಹೊಲದಿಂದ ಎತ್ತಿ ತಂದಿದ್ದ ಮಾಮಾನ ಮಗನಿಗೆ ಅದರ ಭಾರ ಗೊತ್ತಿತ್ತು. ಅವನು ಬರಿದಲೆಯಲ್ಲಿ ನಿಂತಿದ್ದ.

ಮಂದಿ ಹೊರಗೆ ಹೋದ ಮೇಲೆ ನಾನು ಅದನ್ನು ತಿರುಗಿಸಿ ನೋಡಿದೆ. ಗದ್ದದ ಕೆಳಗೆ ಬಿಗಿಯುವ ಪಟ್ಟಿಯನ್ನು ಮಾಮಾ ಎರಡೂ ಕಡೆ ಬುಡದಲ್ಲೇ ಕತ್ತರಿಸಿದ್ದ. ಪಟಕಾದ ಕೆಳಗೆ ಅದು ಊರವರಿಗೆ ಕಾಣುತ್ತಿತ್ತಲ್ಲ, ಅದಕ್ಕೆ! ಹೊರಗೆ ಹೋಗಿ ಎಲ್ಲರ ಮುಂದೆ ಒದರಬೇಕೆಂದು ಎದ್ದೆ. ಅತ್ತೆ ಕೈ ಹಿಡಿದಳು.

“ಬ್ಯಾಡ, ಮಗಳ. ಮಂದಿ ಹಿಂಗ ಅನ್ನೂದ ಅವರಿಗಿ ಬೇಕಾಗಿತ್ತು.”

ಇಂಥ ಮೂರ್ಖನಿಗಾಗಿ ಅಳಬಾರದು ಎಂದುಕೊಂಡೆ. ಕಣ್ಣು ಕೇಳಲಿಲ್ಲ.

ಈಗ ನಾಗಣಸೂರಿಗೆ ಹೋದಾಗ ಆ ಕುದುರೆಯನ್ನು ನಾನು ಹತ್ತುತ್ತೇನೆ. ಅವನು ಕಲಿಸಿದ ಹಾಗೆಯೇ ನಡ ಸೆಟೆದು ಕೂರುತ್ತೇನೆ. ಗದ್ದದ ಪಟ್ಟಿ ಬಿಗಿಯುವಾಗ ಪ್ರತಿ ಸಲ ಅವನನ್ನು ಬಾಯ್ತುಂಬ ಬೈಯುತ್ತೇನೆ. ಕಟ್ಟೆಯ ಮೇಲಿನವರು ನನ್ನ ಹೆಲ್ಮೆಟ್ ನೋಡಿ ನಗುತ್ತಾರೆ: “ಕೊಡಾ ಹೊತ್ಕೊಂಡು ನೀರಿಗಿ ಹೊಂಟಾಳ ನೋಡ್ರಿ.”

ಮಾಮಾನ ಮಾತು ಊರಲ್ಲಿ ಇನ್ನೂ ಇದೆ. ಮಾಮಾ ಇಲ್ಲ.