ಲೈನಿನ ಅವ್ವ ಹೇಳಿದ ಸುಳ್ಳು

ಮೊನ್ನೆ ಸೋಮವಾರಪೇಟೆಯ ಸಂತೆಯಲ್ಲಿ ಒಣಮೀನಿನ ವಾಸನೆ ಮೂಗಿಗೆ ಬಡಿದು ನಿಂತುಬಿಟ್ಟೆ. ಜೊತೆಗಿದ್ದ ಅತ್ತಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡರು. ನನಗೆ ಬಾಯಲ್ಲಿ ನೀರೂರಿತು. ಮೀನು ಮುಟ್ಟದ ಮನೆಯ ಮಗಳಿಗೆ ಈ ರುಚಿ ಹತ್ತಿಸಿದವಳು ಲೈನಿನ ಅವ್ವ... ನಮ್ಮ ಕಾಫಿ ಎಸ್ಟೇಟಿನ ಲೈನಿನಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ ಇದ್ದು, ನನ್ನನ್ನು ಎತ್ತಿ ಆಡಿಸಿದವಳು. ಕೆಂಡದಲ್ಲಿ ಸುಟ್ಟ ಮೀನಿನ ಚೂರನ್ನು ಅನ್ನದ ತುತ್ತಿನೊಳಗೆ ಬಚ್ಚಿಟ್ಟು ತಿನ್ನಿಸಿ, ನಮ್ಮ ಬಂಗಲೆಗೆ ಕಳಿಸುವ ಮುಂಚೆ ನನ್ನ ಬಾಯಿ ತೊಳೆಸುತ್ತಿದ್ದಳು.

ಅವಳಿಗೆ ಒಬ್ಬಳೇ ಮಗಳು. ನಾನು ಶಾಲೆಗೆ ಹೋಗುತ್ತಿದ್ದಾಗ, ಕಾಫಿ ಹಣ್ಣು ಕೀಳುವ ಪಿಕಿಂಗ್ ಜೋರಾಗಿದ್ದ ದಿನಗಳಲ್ಲಿ, ಆ ಮಗಳು ಹೆರಿಗೆ ನೋವಿನಲ್ಲೇ ತೀರಿಕೊಂಡಳು. ಜೀಪು ಕೆಟ್ಟು ನಿಂತಿತ್ತು, ಆಸ್ಪತ್ರೆಗೆ ಒಯ್ಯಲಾಗಲಿಲ್ಲ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ನಾನೂ ಹಾಗೆಂದೇ ನಂಬಿದ್ದೆ.

ಓದು ಮುಗಿಸಿ ನಾನು ಹಿಡಿದದ್ದು ಜನರನ್ನು ಗುಂಪಾಗಿ ಕೂರಿಸಿ ಮಾತಾಡಿಸುವ ಕೆಲಸ. ಲೈನಿನ ಹೆಂಗಸರು ಹೆರಿಗೆಗೆ ಆಸ್ಪತ್ರೆ ಸೇರುವುದು ಹೇಗೆ ಎಂದು ತಿಳಿಯಲು ಸಂಸ್ಥೆಯೊಂದು ಇಂಥ ಗುಂಪು ಚರ್ಚೆಗಳನ್ನು ಇಟ್ಟುಕೊಂಡಿತ್ತು. ಎಲ್ಲಿ ಕಷ್ಟ ಹೆಚ್ಚೋ ಅಲ್ಲೊಂದು ಆಂಬ್ಯುಲೆನ್ಸ್ ನಿಲ್ಲಿಸುವ ಯೋಚನೆ. ಚರ್ಚೆ ನಡೆಸುವವರು ಗುಂಪಿಗೆ ಪರಿಚಿತರಾಗಿರಬಾರದು ಎಂದು ತರಬೇತಿಯಲ್ಲಿ ಹೇಳಿದಾಗ ನನಗೆ ನಗು ಬಂದಿತ್ತು. ಗುರುತಿಲ್ಲದವರ ಮುಂದೆ ನಮ್ಮ ಕಡೆ ಯಾರು ಬಾಯಿ ಬಿಡುತ್ತಾರೆ? ನಮ್ಮ ಎಸ್ಟೇಟಿನಲ್ಲೇ ನಡೆಸೋಣ, ಅಲ್ಲಿ ಎಲ್ಲರಿಗೂ ನನ್ನೊಂದಿಗೆ ಸಲಿಗೆ ಎಂದು ಹಟ ಹಿಡಿದು ಒಪ್ಪಿಸಿದೆ.

ಕೆಲಸದ ಹೊತ್ತಿನಲ್ಲಿ ಕೂಸುಗಳನ್ನು ಬಿಟ್ಟುಹೋಗುವ ಶೆಡ್ಡಿನಲ್ಲಿ ಚಾಪೆ ಹಾಸಿ, ನಡುವೆ ರೆಕಾರ್ಡರ್ ಇಟ್ಟು, ಕಾಫಿ, ಬನ್ನು ಕೊಟ್ಟದ್ದಾಯಿತು. ಎಲೆಅಡಿಕೆ ತಟ್ಟೆಯೂ ಸುತ್ತಿತು. ಪಕ್ಕದ ಎಸ್ಟೇಟಿನಿಂದ ಬಂದವಳೊಬ್ಬಳು ರಸ್ತೆಯಲ್ಲೇ ಹೆತ್ತದ್ದನ್ನು ಹೇಳಿದಳು. ಮಾತಿಗೆ ಕಾವು ಬಂತು. ಆಗ ನಮ್ಮ ಲೈನಿನ ಹೊಸ ಸೊಸೆಯೊಬ್ಬಳು, "ಇಲ್ಲೂ ಒಂದ್ಸಲ ಹಂಗೇ ಆಗಿತ್ತಂತೆ..." ಎಂದು ಶುರು ಮಾಡಿ, ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಉಳಿದವರೆಲ್ಲ ಮೂಲೆಯಲ್ಲಿದ್ದ ಅವ್ವನ ಕಡೆ ತಿರುಗಿದರು. ಸುಮ್ಮನೆ ಕೂತವರನ್ನು ಮಾತಿಗೆಳೆಯಬೇಕೆಂಬುದೂ ತರಬೇತಿಯ ಪಾಠವೇ. ನೀನೂ ಹೇಳವ್ವ ಎಂದೆ.

ಅವಳು ರೆಕಾರ್ಡರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಸಾವ್ಕಾರ್ರು ಜೀಪ್ ಕೊಟ್ಟಿದ್ರು ಕಣ್ರವ್ವ. ನಾವೇ ಹೊತ್ತು ಮಾಡ್ಬುಟ್ವಿ."

ಸಾವ್ಕಾರ್ರು ಎಂದರೆ ನನ್ನ ಅಪ್ಪ. ಕೆಟ್ಟು ನಿಂತ ಜೀಪನ್ನು ಅವರು ಕೊಡುವುದು ಹೇಗೆ? ಸುತ್ತಲಿನ ತಗ್ಗಿದ ಮುಖಗಳನ್ನು ನೋಡಿ ಅರ್ಥವಾಯಿತು: ಜೀಪು ಕೆಟ್ಟೂ ಇರಲಿಲ್ಲ, ಅಪ್ಪ ಕೊಟ್ಟೂ ಇರಲಿಲ್ಲ. ಪಿಕಿಂಗ್ ಹೊತ್ತಿನಲ್ಲಿ ಗಾಡಿ ಬಿಟ್ಟುಕೊಡಲು ಅವರಿಗೆ ಮನಸ್ಸಾಗಿರಲಿಲ್ಲ. ಆ ಚಾಪೆಯ ಮೇಲಿದ್ದವರಿಗೆಲ್ಲ ಗೊತ್ತಿದ್ದದ್ದು ನನಗೆ ಆಗ ಗೊತ್ತಾಯಿತು. ಇಲ್ಲಿ ಗಾಡಿಗೇನೂ ತೊಂದರೆ ಇಲ್ಲ ಎಂದು ಒಬ್ಬೊಬ್ಬರೇ ಹೇಳಿ ಎದ್ದುಹೋದರು.

ಅವ್ವ ಲೋಟ ತೊಳೆಯಲು ನಿಂತಳು. ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ.

"ನಿಮ್ಮಪ್ಪಾರ ಹೆಸ್ರು ಆ ಡಬ್ಬೀಲಿ ಯಾಕೆ ಮಗ? ನಾಳೆ ನಿಂಗಲ್ವಾ ನಾಚ್ಕೆ."

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಅವಳ ಕೈತುತ್ತು ಉಂಡವಳು ನಾನು. ಸತ್ತ ಮಗಳನ್ನು ಬಿಟ್ಟುಕೊಟ್ಟು ನಮ್ಮ ಮಾನ ಕಾದವಳು ಅವಳು. ಬೇರೆಯವರನ್ನು ಕಳಿಸಿ ಚರ್ಚೆ ಮತ್ತೊಮ್ಮೆ ನಡೆಸಿ ಎಂದು ಸಂಸ್ಥೆಯವರಿಗೆ ಹೇಳಬಹುದಿತ್ತು. ಹೇಳಿದ್ದರೆ ಕಾರಣವನ್ನೂ ಹೇಳಬೇಕಾಗುತ್ತಿತ್ತು. ಸದ್ಯ, ಅಪ್ಪನ ಹೆಸರು ಹೊರಬೀಳಲಿಲ್ಲವಲ್ಲ ಎಂದು ನನ್ನೊಳಗೊಂದು ಸಮಾಧಾನವಿತ್ತು... ಇದನ್ನು ಬರೆಯುವಾಗಲೂ ಮುಖ ಬಿಸಿಯಾಗುತ್ತದೆ. ಆಂಬ್ಯುಲೆನ್ಸ್ ದೂರದ ಇನ್ನೊಂದು ಊರಿನ ಪಾಲಾಯಿತು. ಅಪ್ಪ ಇದ್ದಷ್ಟು ಕಾಲ ಅವರನ್ನು ಒಂದು ಮಾತೂ ಕೇಳಲಿಲ್ಲ.

ಈಗ ಲೈನಿನ ಕಡೆ ಹೋದರೆ ನನ್ನನ್ನು ಮಗ ಎಂದು ಕರೆಯುವವರು ಯಾರೂ ಇಲ್ಲ. ಹೋದ ಮಳೆಗಾಲದಲ್ಲಿ ಅವ್ವನಿಗೆ ಎದೆನೋವು ಬಂದಾಗ ಲೈನಿನವರು ಆಟೊ ಹುಡುಕಿಕೊಂಡು ಓಡಿದ್ದರು. ಆಟೊ ಬರುವಷ್ಟರಲ್ಲಿ ಉಸಿರು ನಿಂತಿತ್ತು. ಆ ದಿನ ನಾನು ಬಂಗಲೆಯಲ್ಲೇ ಇದ್ದೆ, ಕಾರು ಅಂಗಳದಲ್ಲೇ ಇತ್ತು. ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದು ಆಮೇಲೆ ಕೇಳಿದೆ. ಬಂಗಲೆಗೆ ಹೋಗಿ ಗಾಡಿ ಕೇಳಬೇಡಿ ಎಂದು ಅವ್ವನೇ ಕೈ ಹಿಡಿದು ತಡೆದಳಂತೆ.